‘ಚಾಲಕನ ನಿಯಂತ್ರಣ ತಪ್ಪಿ’: ಆ ಒಂದು ಸಾಲು ಮುಚ್ಚಿಡುವ ಸಂಗತಿಗಳು

ಅಪಘಾತದ ಸುದ್ದಿಗೆ ಕನ್ನಡ ಪತ್ರಿಕೆಗಳಲ್ಲಿ ಒಂದು ಸಿದ್ಧ ಸಾಲಿದೆ: ‘ಚಾಲಕನ ನಿಯಂತ್ರಣ ತಪ್ಪಿ’. ಠಾಣೆಯ ಎಫ್‌ಐಆರ್‌ನಲ್ಲಿ ಅದರ ಜೋಡಿ ಸಾಲು: ‘ಅತಿವೇಗ ಮತ್ತು ಅಜಾಗರೂಕತೆಯಿಂದ ಚಲಾಯಿಸಿ’. ಎರಡೂ ಸುಳ್ಳೇನಲ್ಲ. ಆದರೆ ಪ್ರಶ್ನೆ ಶುರುವಾಗಬೇಕಾದ ಜಾಗದಲ್ಲೇ ಎರಡೂ ಪೂರ್ಣವಿರಾಮ ಹಾಕಿಬಿಡುತ್ತವೆ. ನಿಯಂತ್ರಣ ಯಾಕೆ ತಪ್ಪಿತು? ತಪ್ಪಿದ ಮೇಲೆ ವಾಹನ ಯಾವುದಕ್ಕೆ ಗುದ್ದಿತು? ಆ ಗೋಡೆಯೋ ಕಂಬವೋ ನಿಂತ ಲಾರಿಯೋ ಅಲ್ಲಿ ಯಾಕಿತ್ತು? ಗುದ್ದಿದ ಮೇಲೆ ಮುಂದೆ ಕೂತವರು ಬದುಕಿ ಹಿಂದೆ ಕೂತವರು ಸತ್ತದ್ದು ಹೇಗೆ?

ಇವನ್ನು ಕೇಳದಿರಲು ಕಾನೂನಿನ ಸ್ವರೂಪವೂ ಒಂದು ಕಾರಣ. ಎಫ್‌ಐಆರ್‌ಗೆ ಒಬ್ಬ ಆರೋಪಿ ಬೇಕು. ಭಾರತೀಯ ನ್ಯಾಯ ಸಂಹಿತೆಯ 281 ಮತ್ತು 106(1)ನೇ ಕಲಂಗಳು (ಹಿಂದೆ ಐಪಿಸಿ 279 ಮತ್ತು 304-ಎ) ಮನುಷ್ಯನ ಅಜಾಗರೂಕತೆಯನ್ನು ಹುಡುಕುತ್ತವೆ, ಸೇತುವೆಯ ತಡೆಗೋಡೆಯ ಅಳತೆಯನ್ನಲ್ಲ. ಸತ್ತವರ ಮನೆಯವರಿಗೂ ಇದೇ ಬೇಕಾಗುತ್ತದೆ. ಮೋಟಾರು ವಾಹನ ಕಾಯ್ದೆಯ 166ನೇ ಕಲಂ ಅಡಿ ಪರಿಹಾರ ಕೇಳಬೇಕಾದರೆ ಎದುರಿನ ಚಾಲಕನ ತಪ್ಪನ್ನು ತೋರಿಸಬೇಕು. ಹೀಗಾಗಿ ಪೊಲೀಸರಿಗೆ, ವಕೀಲರಿಗೆ, ಸಂತ್ರಸ್ತರಿಗೆ ಎಲ್ಲರಿಗೂ ಅನುಕೂಲವಾಗುವ ಕಾರಣವೊಂದೇ, ಚಾಲಕ. ಕೇಸು ನಡೆಯುತ್ತದೆ, ವಿಮೆ ಹಣ ಬರುತ್ತದೆ, ತಿರುವು ಮಾತ್ರ ಹಾಗೇ ಇರುತ್ತದೆ. ಮುಂದಿನ ಮಳೆಗಾಲಕ್ಕೆ ಅಲ್ಲಿಗೆ ಇನ್ನೊಬ್ಬ ಚಾಲಕ ಬರುತ್ತಾನೆ.

ಲೆಕ್ಕ ಎಷ್ಟು ದೊಡ್ಡದು ಎಂದು ಒಮ್ಮೆ ನೋಡಿಬಿಡೋಣ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯ ಪ್ರಕಾರ 2022ರಲ್ಲಿ ಭಾರತದಲ್ಲಿ 4,61,312 ಅಪಘಾತಗಳಾದವು, 1,68,491 ಜನ ಸತ್ತರು. ಅಂದರೆ ಗಂಟೆಗೆ 19 ಸಾವು. ಕರ್ನಾಟಕದ ಪಾಲು 11,702, ದಿನಕ್ಕೆ 32. ಮರುವರ್ಷ ದೇಶದ ಸಾವಿನ ಸಂಖ್ಯೆ 1.72 ಲಕ್ಷ ದಾಟಿತು. 2022ರಲ್ಲಿ ಸತ್ತವರಲ್ಲಿ ಶೇ 44.5ರಷ್ಟು ದ್ವಿಚಕ್ರ ವಾಹನದವರು, ಶೇ 19.5ರಷ್ಟು ಪಾದಚಾರಿಗಳು. ಮೂರರಲ್ಲಿ ಸುಮಾರು ಇಬ್ಬರು ಯಾವ ತಗಡಿನ ರಕ್ಷಣೆಯೂ ಇಲ್ಲದೆ ರಸ್ತೆಯಲ್ಲಿದ್ದವರು ಎಂದಾಯಿತು. ರಾಷ್ಟ್ರೀಯ ಮತ್ತು ರಾಜ್ಯ ಹೆದ್ದಾರಿಗಳು ಒಟ್ಟು ರಸ್ತೆ ಉದ್ದದ ಶೇ 5ರಷ್ಟಿವೆ, ಸಾವಿನಲ್ಲಿ ಅವುಗಳ ಪಾಲು ಶೇ 60. ಸುಮಾರು ಮೂರನೇ ಎರಡರಷ್ಟು ಅಪಘಾತ ಆಗಿರುವುದು ನೇರ ರಸ್ತೆಯಲ್ಲಿ. ಗುಂಡಿಗಳ ಬಗ್ಗೆ ನಾವು ಎಷ್ಟು ಮಾತಾಡುತ್ತೇವೆ! ಆ ವರ್ಷ ಗುಂಡಿಯಿಂದಾದ ಸಾವು ಎಂದು ದಾಖಲಾದದ್ದು 1,856. ಅದು ಕಡಿಮೆಯೇನಲ್ಲ. ಆದರೆ ಹೆಚ್ಚು ಜನ ಸತ್ತದ್ದು ಹೆದ್ದಾರಿಗಳ ಮೇಲೆ.

ಅದೇ ವರದಿ ಶೇ 71ರಷ್ಟು ಸಾವಿಗೆ ಅತಿವೇಗವೇ ಕಾರಣ ಎನ್ನುತ್ತದೆ. ಈ ಅಂಕಿಯನ್ನು ತುಸು ಜೋಪಾನವಾಗಿ ಓದಬೇಕು. ಅಪಘಾತವಾದ ಮೇಲೆ ಸ್ಥಳಕ್ಕೆ ಬರುವ ಪೊಲೀಸರು ವೇಗವನ್ನು ಅಳೆದಿರುವುದಿಲ್ಲ. ಬ್ರೇಕ್ ಹಾಕಿದಾಗ ಚಕ್ರ ಜಾಮ್ ಆಗದಂತೆ ತಡೆಯುವ ಎಬಿಎಸ್ ವ್ಯವಸ್ಥೆ ಇರುವ ವಾಹನ ರಸ್ತೆಯ ಮೇಲೆ ಸ್ಪಷ್ಟ ಬ್ರೇಕ್ ಗುರುತನ್ನೂ ಬಿಡುವುದು ಅಪರೂಪ. ಬೇರೆ ಕಾರಣ ಕಾಣದಿದ್ದಾಗ ತುಂಬಿಸುವ ಕಾಲಂ ಅದು. ಆದರೂ ವೇಗದ ಪಾತ್ರ ನಿಜ. ನಾವು ಅಂದುಕೊಂಡದ್ದಕ್ಕಿಂತಲೂ ಅದು ದೊಡ್ಡದು.

ಹತ್ತು ಕಿ.ಮೀ. ಹೆಚ್ಚಾದರೆ ಏನಾಗುತ್ತದೆ

60 ಕಿ.ಮೀ. ವೇಗದಲ್ಲಿರುವ ಕಾರು ಒಂದು ಸೆಕೆಂಡಿಗೆ 16.7 ಮೀಟರ್ ಸಾಗುತ್ತದೆ. ಎದುರಿಗೆ ಮಗುವೊಂದು ಓಡಿಬಂತು ಎಂದುಕೊಳ್ಳಿ. ಕಣ್ಣು ನೋಡಿ, ತಲೆಗೆ ಹೊಳೆದು, ಕಾಲು ಬ್ರೇಕಿನ ಮೇಲೆ ಹೋಗುವಷ್ಟರಲ್ಲಿ ಎಚ್ಚರಿಕೆಯ ಚಾಲಕನಿಗೂ ಸುಮಾರು ಒಂದೂವರೆ ಸೆಕೆಂಡು ಬೇಕು. ಅಷ್ಟರಲ್ಲಿ ಕಾರು 25 ಮೀಟರ್ ಬಂದಿರುತ್ತದೆ, ವೇಗ ಇನ್ನೂ 60. ಒಣ ರಸ್ತೆಯಲ್ಲಿ ಗಟ್ಟಿಯಾಗಿ ಬ್ರೇಕ್ ಒತ್ತಿದರೆ ನಿಲ್ಲಲು ಇನ್ನೂ 23 ಮೀಟರ್. ಒಟ್ಟು 48.

ಈಗ ಅದೇ ಜಾಗ, ಅದೇ ಮಗು, ಅದೇ ಚಾಲಕ. ವೇಗ ಮಾತ್ರ 70. ಯೋಚಿಸುವಷ್ಟರಲ್ಲೇ 29 ಮೀಟರ್ ಮುಗಿಯಿತು. ಉಳಿದ 19 ಮೀಟರಿನಲ್ಲಿ ಪೂರ್ತಿ ಬ್ರೇಕ್ ಹಾಕಿದರೂ, ಮೊದಲ ಕಾರು ನಿಂತ ಜಾಗಕ್ಕೆ ಈ ಕಾರು ಬಂದಾಗ ವೇಗ ಇನ್ನೂ 44 ಕಿ.ಮೀ. ಇರುತ್ತದೆ. ಒಂದು ಕಾರು ಮಗುವಿನ ಮುಂದೆ ನಿಂತಿತು, ಇನ್ನೊಂದು 44ರ ವೇಗದಲ್ಲಿ ಗುದ್ದಿತು. ವ್ಯತ್ಯಾಸ ಹತ್ತೇ ಕಿ.ಮೀ.

ವೇಗ ದುಪ್ಪಟ್ಟಾದರೆ ಹೊಡೆತ ನಾಲ್ಕು ಪಟ್ಟಾಗುತ್ತದೆ ಎಂಬುದು ಶಾಲೆಯಲ್ಲಿ ಓದಿದ ಪಾಠವೇ. ಅದನ್ನು ಎತ್ತರಕ್ಕೆ ತಿರುಗಿಸಿದರೆ ಬೇಗ ಅರ್ಥವಾಗುತ್ತದೆ. 30 ಕಿ.ಮೀ. ವೇಗದ ಡಿಕ್ಕಿ ಮೂರೂವರೆ ಮೀಟರ್ ಎತ್ತರದಿಂದ, ಅಂದರೆ ಒಂದಂತಸ್ತಿನ ತಾರಸಿಯಿಂದ ಬಿದ್ದಂತೆ. 60ಕ್ಕೆ ಅದು 14 ಮೀಟರ್, ನಾಲ್ಕಂತಸ್ತಿನಷ್ಟು. 100ಕ್ಕೆ 39 ಮೀಟರ್. ತಾರಸಿಯ ಅಂಚಿಗೆ ಹೋದರೆ ನಮಗೆ ಕಾಲು ನಡುಗುತ್ತದೆ, ಸ್ಪೀಡೋಮೀಟರಿನ ಮುಳ್ಳು ನೋಡಿ ನಡುಗುವುದಿಲ್ಲ. ಸರಾಸರಿ ವೇಗ ಶೇ 1ರಷ್ಟು ಹೆಚ್ಚಾದರೆ ಸಾವು ತರುವ ಅಪಘಾತದ ಸಾಧ್ಯತೆ ಶೇ 4ರಷ್ಟು ಏರುತ್ತದೆ ಎನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕ.

ಮಳೆ ಬಂದರೆ ಈ ಲೆಕ್ಕವೆಲ್ಲ ಇನ್ನಷ್ಟು ಕೆಡುತ್ತದೆ. ಅದರಲ್ಲೂ ಮೊದಲ ಮಳೆಯ ಮೊದಲ ಅರ್ಧ ಗಂಟೆ: ಧೂಳು, ಎಣ್ಣೆ, ಟೈರಿನ ಪುಡಿ ಸೇರಿ ಡಾಂಬರಿನ ಮೇಲೆ ಸೋಪಿನಂಥ ಪದರವಾಗುತ್ತದೆ. 80ರ ವೇಗದಲ್ಲಿ ಒಣ ರಸ್ತೆಯಲ್ಲಿ 75 ಮೀಟರಿಗೆ ನಿಲ್ಲುವ ಕಾರು ಒದ್ದೆ ರಸ್ತೆಯಲ್ಲಿ 100 ಮೀಟರ್ ದಾಟುತ್ತದೆ. ಕಾರಿನ ಟೈರಿನ ಗೆರೆ 1.6 ಮಿಲಿಮೀಟರಿಗಿಂತ ಕಡಿಮೆಯಾಗಿದ್ದರೆ ನೀರನ್ನು ಹೊರಹಾಕಲು ಅದಕ್ಕೆ ಜಾಗವೇ ಇಲ್ಲ. ಗೆರೆಗಳ ನಡುವೆ ಅಡ್ಡಕ್ಕೆ ಸಣ್ಣ ಉಬ್ಬುಗಳಿರುತ್ತವೆ. ಟೈರಿನ ಮೇಲ್ಮೈ ಸವೆದು ಆ ಉಬ್ಬಿನ ಮಟ್ಟಕ್ಕೆ ಬಂದಿದ್ದರೆ ಟೈರಿನ ಆಯುಷ್ಯ ಮುಗಿದಂತೆ.

ರಾತ್ರಿಯ ಲೆಕ್ಕ ಬೇರೆ. ಡಿಮ್ ಲೈಟಿನಲ್ಲಿ ಕಪ್ಪು ಬಣ್ಣದ ಅಡ್ಡಿಯೊಂದು ಕಣ್ಣಿಗೆ ಬೀಳುವುದು ಸುಮಾರು 40ರಿಂದ 50 ಮೀಟರ್ ಹತ್ತಿರ ಬಂದಾಗ. 60ರಲ್ಲಿ ನಿಲ್ಲಲು ಬೇಕಾದದ್ದೂ ಅಷ್ಟೇ. ಅಂದರೆ ಎದುರು ವಾಹನಗಳಿರುವ ಹೆದ್ದಾರಿಯಲ್ಲಿ ಡಿಮ್ ಹಾಕಿಕೊಂಡು 80ರಲ್ಲಿ ಹೋಗುವವರು ತಮ್ಮ ಬೆಳಕಿಗಿಂತ ಮುಂದೆ ಓಡುತ್ತಿದ್ದಾರೆ. ಕಂಡದ್ದಕ್ಕೆ ಬ್ರೇಕ್ ಹಾಕುವ ಅವಕಾಶ ಅವರಿಗಿಲ್ಲ. ಕಾಣುವ ಮೊದಲೇ ಅಲ್ಲಿ ಏನೂ ಇಲ್ಲ ಎಂದು ನಂಬಿ ಹೋಗುತ್ತಿರುತ್ತಾರೆ.

ಬೈಕಿನವರಿಗೆ ಒಂದು ಮಾತು ಪ್ರತ್ಯೇಕವಾಗಿ ಹೇಳಬೇಕು. ಮುಂದಿನ ಬ್ರೇಕ್ ಹಿಡಿದರೆ ಪಲ್ಟಿಯಾಗುತ್ತದೆ ಎಂಬ ಹೆದರಿಕೆಯಿಂದ ಬಹಳ ಜನ ಹಿಂದಿನ ಬ್ರೇಕನ್ನಷ್ಟೇ ತುಳಿಯುತ್ತಾರೆ. ಬ್ರೇಕ್ ಹಾಕಿದ ಕೂಡಲೇ ಬೈಕಿನ ಭಾರ ಮುಂದಕ್ಕೆ ವಾಲಿ ಹಿಂದಿನ ಚಕ್ರ ಹಗುರಾಗುತ್ತದೆ. ನಿಲ್ಲಿಸುವ ಶಕ್ತಿಯ ಬಹುಪಾಲು ಮುಂದಿನ ಚಕ್ರದಲ್ಲೇ ಇರುತ್ತದೆ. ಹಿಂದಿನದನ್ನು ಮಾತ್ರ ನಂಬಿದರೆ ನಿಲ್ಲುವ ದೂರ ಹೆಚ್ಚುಕಡಿಮೆ ಎರಡು ಪಟ್ಟಾಗುತ್ತದೆ, ಚಕ್ರ ಜಾಮ್ ಆಗಿ ಬೈಕ್ ಅಡ್ಡ ತಿರುಗುವುದೂ ಆಗಲೇ. ಎರಡನ್ನೂ ಒಟ್ಟಿಗೆ, ಮುಂದಿನದನ್ನು ಹಿಂಡುತ್ತಾ ಬಿಗಿ ಮಾಡಬೇಕು, ಒಮ್ಮೆಲೇ ಎಳೆಯಬಾರದು. ಮರಳು, ಜಲ್ಲಿ ಅಥವಾ ತಿರುವಿನಲ್ಲಿ ವಾಲಿದ ಸ್ಥಿತಿಯಲ್ಲಿ ಮಾತ್ರ ಮುಂದಿನ ಬ್ರೇಕ್ ನಿಜಕ್ಕೂ ಅಪಾಯ. 2019ರ ಏಪ್ರಿಲ್‌ನಿಂದ 125 ಸಿಸಿ ಮೀರಿದ ಹೊಸ ಬೈಕುಗಳಿಗೆ ಎಬಿಎಸ್ ಕಡ್ಡಾಯವಾಗಿದೆ. ಚಕ್ರ ಜಾಮ್ ಆಗದಂತೆ ಅದೇ ನೋಡಿಕೊಳ್ಳುತ್ತದೆ. ಆದರೆ ಬ್ರೇಕನ್ನು ಹಿಡಿದೇ ಇರದಿದ್ದರೆ ಎಬಿಎಸ್ ಇದ್ದೂ ಇಲ್ಲದಂತೆ.

ತಲೆ ಮತ್ತು ಥರ್ಮಾಕೋಲ್

ಹೆಲ್ಮೆಟಿನ ಹೊರಗಿನ ಗಟ್ಟಿ ಚಿಪ್ಪು ನೋಡಿ ಅದೇ ತಲೆ ಕಾಯುತ್ತದೆ ಎಂದುಕೊಳ್ಳುತ್ತೇವೆ. ನಿಜವಾದ ಕೆಲಸ ಮಾಡುವುದು ಒಳಗಿನ ಥರ್ಮಾಕೋಲ್ ಪದರ. ಒಂದೂವರೆ ಮೀಟರ್ ಎತ್ತರದಿಂದ ತಲೆ ನೆಲಕ್ಕೆ ಬಡಿದರೆ ಸೆಕೆಂಡಿಗೆ 5.4 ಮೀಟರ್ ವೇಗ. ಬರಿ ತಲೆ ಮೂರು ಮಿಲಿಮೀಟರಿನೊಳಗೆ ನಿಂತುಬಿಟ್ಟರೆ ಮಿದುಳಿನ ಮೇಲೆ ಗುರುತ್ವದ 500 ಪಟ್ಟು ಒತ್ತಡ ಬೀಳುತ್ತದೆ. ಥರ್ಮಾಕೋಲ್ 25 ಮಿಲಿಮೀಟರ್ ಕುಗ್ಗಿ ನಿಲ್ಲಿಸಿದರೆ ಅದು 60 ಪಟ್ಟಿಗೆ ಇಳಿಯುತ್ತದೆ. ಬದುಕಿನ ಅಂತರ ಆ ಎರಡು ಸೆಂಟಿಮೀಟರ್. ‘ಹಾಫ್ ಹೆಲ್ಮೆಟ್’ ಎನ್ನುವ ಟೋಪಿಯೊಳಗೆ ಆ ಪದರವೇ ಇರುವುದಿಲ್ಲ, ಒಂದಿಷ್ಟು ಸ್ಪಂಜು ಮತ್ತು ಬಟ್ಟೆ ಅಷ್ಟೇ. ದಂಡ ತಪ್ಪಿಸುವುದಷ್ಟೇ ಅದರ ಉಪಯೋಗ.

ಕೊಳ್ಳುವಾಗ ಐಎಸ್ 4151 ಎಂಬ ಸಂಖ್ಯೆಯೊಂದಿಗೆ ಐಎಸ್‌ಐ ಗುರುತು ಇದೆಯೇ ನೋಡಿ. 2021ರ ಜೂನ್‌ನಿಂದ ಅದಿಲ್ಲದ ಹೆಲ್ಮೆಟ್ ತಯಾರಿಸುವುದೂ ಮಾರುವುದೂ ಅಪರಾಧ. ಪಟ್ಟಿ ಬಿಗಿದ ಮೇಲೆ ಗದ್ದದ ಕೆಳಗೆ ಎರಡು ಬೆರಳಿಗಿಂತ ಹೆಚ್ಚು ಸಡಿಲವಿರಬಾರದು. ಹಿಂಭಾಗದ ಅಂಚನ್ನು ಹಿಡಿದು ಮೇಲಕ್ಕೆ, ಮುಂದಕ್ಕೆ ತಳ್ಳಿ ನೋಡಿ, ಕಳಚಿಬಂದರೆ ಅಪಘಾತದಲ್ಲೂ ಕಳಚುತ್ತದೆ. ಒಮ್ಮೆ ಜೋರು ಪೆಟ್ಟು ತಿಂದ ಹೆಲ್ಮೆಟ್ ಹೊರಗಿನಿಂದ ಸರಿ ಕಂಡರೂ ಒಳಗಿನ ಪದರ ಕುಗ್ಗಿರುತ್ತದೆ. ಅದು ಮತ್ತೆ ಉಬ್ಬುವುದಿಲ್ಲ, ಹೆಲ್ಮೆಟನ್ನು ಬಿಸಾಡಬೇಕು. 2022ರಲ್ಲಿ ಹೆಲ್ಮೆಟ್ ಇಲ್ಲದೆ ಸತ್ತವರು 50,029 ಮಂದಿ, ಅವರಲ್ಲಿ 14,337 ಜನ ಹಿಂದೆ ಕೂತವರು. 2023ರ ಫೆಬ್ರುವರಿಯಿಂದ ನಾಲ್ಕು ವರ್ಷದೊಳಗಿನ ಮಕ್ಕಳಿಗೂ ಹೆಲ್ಮೆಟ್ ಮತ್ತು ಸವಾರನಿಗೆ ಕಟ್ಟುವ ಸುರಕ್ಷಾ ಪಟ್ಟಿ ಕಡ್ಡಾಯ, ಮಗು ಇದ್ದಾಗ ವೇಗ 40 ಮೀರುವಂತಿಲ್ಲ. ಶಾಲೆ ಬಿಡುವ ಹೊತ್ತಿಗೆ ಯಾವ ಊರಿನ ಗೇಟಿನ ಮುಂದೆ ನಿಂತು ನೋಡಿದರೂ ಈ ನಿಯಮದ ಸುಳಿವು ಸಿಗುವುದಿಲ್ಲ.

ಕಾರಿನ ಹಿಂದಿನ ಸೀಟಿನ ಬೆಲ್ಟಿನದೂ ಇದೇ ಕಥೆ. 50ರ ವೇಗದಲ್ಲಿ ಕಾರು ಗೋಡೆಗೆ ಗುದ್ದಿದಾಗ ಮುಂಭಾಗ ನಜ್ಜುಗುಜ್ಜಾಗುತ್ತಾ ಅರ್ಧ ಮೀಟರಿಗೂ ಹೆಚ್ಚು ಜಾಗದಲ್ಲಿ ನಿಲ್ಲುತ್ತದೆ. ಬೆಲ್ಟ್ ಕಟ್ಟಿದವರು ಕಾರಿನ ಜೊತೆಗೇ ನಿಲ್ಲುತ್ತಾರೆ. ಕಟ್ಟದವರು 50ರಲ್ಲೇ ಮುಂದುವರಿದು ಮುಂದಿನ ಸೀಟಿನ ಬೆನ್ನಿಗೆ ಬಡಿದು ಹತ್ತು ಸೆಂಟಿಮೀಟರಿನಲ್ಲಿ ನಿಲ್ಲುತ್ತಾರೆ. 60 ಕಿಲೋ ತೂಕದವರಿಗೆ ಆ ಕ್ಷಣದ ಒತ್ತಡ ಸುಮಾರು ಆರು ಟನ್ನಿನಷ್ಟು. ಅವರಿಗಷ್ಟೇ ಅಲ್ಲ, ಬೆಲ್ಟ್ ಕಟ್ಟಿಕೊಂಡು ಮುಂದೆ ಕೂತವರನ್ನೂ ಅದು ಹಿಂದಿನಿಂದ ಜಜ್ಜುತ್ತದೆ.

2022ರ ಸೆಪ್ಟೆಂಬರ್ 4ರಂದು ಉದ್ಯಮಿ ಸೈರಸ್ ಮಿಸ್ತ್ರಿ ತೀರಿಕೊಂಡ ಅಪಘಾತ ಇದಕ್ಕೊಂದು ನಿದರ್ಶನ. ಮಹಾರಾಷ್ಟ್ರದ ಪಾಲ್ಘರ್ ಜಿಲ್ಲೆಯಲ್ಲಿ ಸೂರ್ಯಾ ನದಿಯ ಸೇತುವೆಗೆ ಕಾರು ಗುದ್ದಿತು. ಹಿಂದೆ ಬೆಲ್ಟ್ ಇಲ್ಲದೆ ಕೂತಿದ್ದ ಇಬ್ಬರೂ ಸತ್ತರು, ಮುಂದಿದ್ದ ಇಬ್ಬರೂ ಬದುಕಿದರು. ಬೆಲ್ಟಿನ ಬಗ್ಗೆ ದೇಶವೆಲ್ಲ ಮಾತಾಡಿತು, ಒಳ್ಳೆಯದೇ. ಆದರೆ ಅಲ್ಲಿ ಮೂರು ಪಥದ ರಸ್ತೆ ಸೇತುವೆ ಬಳಿ ಎರಡು ಪಥಕ್ಕೆ ಕಿರಿದಾಗುತ್ತದೆ, ಸೇತುವೆಯ ಕಾಂಕ್ರೀಟ್ ತಡೆಗೋಡೆಯ ತುದಿ ವಾಹನಗಳ ದಾರಿಯತ್ತ ಚಾಚಿಕೊಂಡಿತ್ತು ಎಂಬ ಮಾತು ಅಷ್ಟು ದೂರ ಕೇಳಿಸಲಿಲ್ಲ.

ರಸ್ತೆ ಮಾಡುವ ತಪ್ಪುಗಳು

ನಮ್ಮ ಚತುಷ್ಪಥಗಳ ಮೂಲ ತೊಡಕು ಇದು: ಹಳ್ಳಿ ಒಂದು ಕಡೆ, ಅದೇ ಹಳ್ಳಿಯ ಹೊಲ, ಶಾಲೆ, ಡೈರಿ ಇನ್ನೊಂದು ಕಡೆ, ನಡುವೆ 100ರಲ್ಲಿ ಓಡುವ ರಸ್ತೆ. ಊರವರು ದಾಟಲೇಬೇಕು. ಒಂದು ಬದಿಯ ಎರಡು ಪಥ ಮತ್ತು ಅಂಚು ಸೇರಿ ಎಂಟೂವರೆ ಮೀಟರ್. ವಯಸ್ಸಾದವರು ಸೆಕೆಂಡಿಗೆ ಒಂದು ಮೀಟರ್ ನಡೆದರೆ ದಾಟಲು ಎಂಟೂವರೆ ಸೆಕೆಂಡು ಬೇಕು. ಅಷ್ಟರಲ್ಲಿ 100ರ ವೇಗದ ಕಾರು 236 ಮೀಟರ್ ಬಂದಿರುತ್ತದೆ. ಅವರು ಹೆಜ್ಜೆ ಇಟ್ಟಾಗ ಆ ಕಾರು ಕಾಲು ಕಿಲೋಮೀಟರ್ ಆಚೆ ಸಣ್ಣ ಚುಕ್ಕೆಯಾಗಿತ್ತು. ‘ದೂರ ಇದೆ’ ಎಂದು ಅವರು ಅಂದಾಜಿಸಿದ್ದು ತಪ್ಪೇ? ಎತ್ತಿನಗಾಡಿ, ಬಸ್ಸುಗಳ ವೇಗ ನೋಡಿ ಪಳಗಿದ ಕಣ್ಣಿಗೆ ಆ ಚುಕ್ಕೆಯ ವೇಗ ಗೊತ್ತಾಗುವ ದಾರಿಯೇ ಇಲ್ಲ.

ವಾಹನದವರಿಗೆ ಡಿವೈಡರ್ ನಡುವೆ ತೆರವು ಬಿಟ್ಟಿರುತ್ತಾರೆ. ಎರಡು ಮೀಟರ್ ಅಗಲದ ಡಿವೈಡರಿನಲ್ಲಿ ಬೈಕ್ ಹೇಗೋ ತೂರಿಕೊಂಡು ಕಾಯಬಹುದು. ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್ ಕಾಯಲು ನಿಂತರೆ ಅದರ ಬಾಲ ಪೂರ್ತಿ ವೇಗದ ಪಥದಲ್ಲೇ ಇರುತ್ತದೆ. ತೆರವು ಮುಚ್ಚಿದರೆ ಮುಂದಿನ ಯು-ತಿರುವು ಎರಡು ಮೂರು ಕಿ.ಮೀ. ಆಚೆ. ಆಗ ಜನ ಅಂಚಿನಲ್ಲೇ ಎದುರು ದಿಕ್ಕಿಗೆ ಬರುತ್ತಾರೆ. ಇದನ್ನು ‘ರಾಂಗ್ ಸೈಡ್’ ಎಂದು ದಂಡ ಹಾಕಿ ಮುಗಿಸಬಹುದು. ಆದರೆ ಮುನ್ನೂರು ಮೀಟರ್ ದೂರದ ಹೊಲಕ್ಕೆ ಆರು ಕಿ.ಮೀ. ಸುತ್ತಿ ಎಂದು ಹೇಳಿದ ನಕ್ಷೆ ಬರೆದವರೇ ಆ ರಾಂಗ್ ಸೈಡನ್ನು ಬರೆದರು. ಕೆಳಸೇತುವೆ ಮತ್ತು ಎಲ್ಲೂ ಕಡಿಯದ ಸರ್ವಿಸ್ ರಸ್ತೆ, ಇವೆರಡಿಲ್ಲದೆ ವೇಗದ ರಸ್ತೆ ಕಟ್ಟಬಾರದು. ಬೆಂಗಳೂರು–ಮೈಸೂರು ಹೆದ್ದಾರಿಯ ಮುಖ್ಯ ಪಥದಲ್ಲಿ 2023ರ ಆಗಸ್ಟ್ 1ರಿಂದ ಬೈಕ್, ಆಟೊ, ಟ್ರ್ಯಾಕ್ಟರುಗಳನ್ನು ನಿಷೇಧಿಸಿದ್ದು ಈ ತತ್ವದ ಮೇಲೇ: 40ರ ವಾಹನವೂ 100ರ ವಾಹನವೂ ಒಂದೇ ಪಥದಲ್ಲಿರಬಾರದು. ಸರಿಯಾದ ಕ್ರಮ, ರಸ್ತೆ ಉದ್ಘಾಟನೆಯಾಗಿ ನಾಲ್ಕೂವರೆ ತಿಂಗಳಾದ ಮೇಲೆ.

ಇನ್ನು ಹಂಪು. ನಮ್ಮಲ್ಲಿ ಹಂಪನ್ನು ಇಂಜಿನಿಯರ್ ಹಾಕುವುದಿಲ್ಲ, ರಸ್ತೆತಡೆ ಹಾಕಿಸುತ್ತದೆ. ಸಾವಾಗುತ್ತದೆ, ಜನ ಕೂರುತ್ತಾರೆ, ಅಂದೇ ರಾತ್ರಿ ಒಂದು ಲೋಡ್ ಡಾಂಬರು ಸುರಿಯುತ್ತಾರೆ. ರಸ್ತೆ ಕಟ್ಟುವ ನಿಯಮಗಳನ್ನು ರೂಪಿಸುವ ಇಂಡಿಯನ್ ರೋಡ್ಸ್ ಕಾಂಗ್ರೆಸ್ ಸಂಸ್ಥೆಯ ಮಾನದಂಡದಲ್ಲಿ ಹಂಪು 3.7 ಮೀಟರ್ ಅಗಲ, 10 ಸೆಂಟಿಮೀಟರ್ ಎತ್ತರದ ಮೆಲ್ಲನೆಯ ದಿಣ್ಣೆ, 25ರ ವೇಗದಲ್ಲಿ ತೊಂದರೆಯಿಲ್ಲದೆ ದಾಟಬಹುದಾದದ್ದು. ಬೀದಿಯಲ್ಲಿರುವುದು ಒಂದು ಮೀಟರಿಗೂ ಕಡಿಮೆ ಅಗಲದ, ಅದಕ್ಕಿಂತ ಎತ್ತರದ, ಬಣ್ಣವಿಲ್ಲದ ಕಟ್ಟೆ. ರಾತ್ರಿ ಅದರ ಮೇಲೆ ಬೈಕ್ ಹಾರಿದರೆ ಹಿಂದೆ ಒಂದು ಬದಿಗೆ ಕೂತ ಹೆಂಗಸರು ಹಿಡಿತ ತಪ್ಪಿ ಬೀಳುತ್ತಾರೆ. ಹಂಪು ನಿಜಕ್ಕೂ ಕೆಲಸ ಮಾಡುವ ಜಾಗ ಹೆದ್ದಾರಿಯ ಮೇಲಲ್ಲ, ಹಳ್ಳಿಯ ರಸ್ತೆ ಹೆದ್ದಾರಿ ಸೇರುವ ಬಾಯಿಯಲ್ಲಿ. ಇಳಿಜಾರಿನಿಂದ ಬರುವ ಬೈಕ್ ಅಲ್ಲಿ ನಿಂತು ನೋಡಿ ಮುಂದೆ ಹೋಗುವಂತೆ ಅದು ಮಾಡಬೇಕು. ಅದರ ಜೊತೆಗೆ ಆ ಮೂಲೆಯ ಪೊದೆ, ಫ್ಲೆಕ್ಸ್, ಗೂಡಂಗಡಿ ತೆಗೆದರೆ ಅರ್ಧ ಕೆಲಸ ಆದಂತೆ.

ನಿಂತ ಲಾರಿಯ ಹಿಂಭಾಗದಷ್ಟು ಕ್ರೂರ ವಸ್ತು ರಸ್ತೆಯಲ್ಲಿ ಇನ್ನೊಂದಿಲ್ಲ. ಲಾರಿಯ ಅಡಿಪಟ್ಟಿ ಕಾರಿನ ಬಾನೆಟ್ಟಿಗಿಂತ ಎತ್ತರದಲ್ಲಿರುತ್ತದೆ. ಕಾರು ಗುದ್ದಿದಾಗ ಬಂಪರ್, ಬಾನೆಟ್ ಎಲ್ಲ ಅಡಿಗೆ ನುಗ್ಗಿ, ಮೊದಲ ಪೆಟ್ಟು ಬೀಳುವುದು ಗಾಜಿಗೆ, ಅದರ ಹಿಂದಿನ ತಲೆಗಳಿಗೆ. ಏರ್‌ಬ್ಯಾಗ್ ಸೆನ್ಸರಿಗೆ ತಕ್ಕ ಹೊಡೆತವೇ ಸಿಗದಿರಬಹುದು. ಇದಕ್ಕೆಂದೇ ಲಾರಿಯ ಹಿಂದೆ ನೆಲದಿಂದ 55 ಸೆಂಟಿಮೀಟರಿಗಿಂತ ಮೇಲಿರದ ತಡೆಪಟ್ಟಿ ಇರಬೇಕೆಂಬ ನಿಯಮವಿದೆ. ಲೋಡ್ ಇಳಿಸಲು ಅಡ್ಡಿ ಎಂದು ಅದನ್ನು ಕತ್ತರಿಸಿದ, ಅಥವಾ ಒಂದು ತೆಳು ಪೈಪನ್ನು ಹೆಸರಿಗೆ ಬೆಸುಗೆ ಹಾಕಿದ ಲಾರಿಗಳನ್ನು ಯಾವ ಟೋಲ್‌ನಲ್ಲಾದರೂ ಎಣಿಸಬಹುದು. ಪ್ರತಿಫಲಕ ಪಟ್ಟಿಗೂ ಬಣ್ಣದ ನಿಯಮವಿದೆ: ಮುಂದೆ ಬಿಳಿ, ಪಕ್ಕಕ್ಕೆ ಹಳದಿ, ಹಿಂದೆ ಕೆಂಪು. ಕಬ್ಬು ಅರೆಯುವ ಹಂಗಾಮಿನಲ್ಲಿ ಮಂಡ್ಯ, ಬೆಳಗಾವಿ, ಬಾಗಲಕೋಟೆ ರಸ್ತೆಗಳಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರಿನಲ್ಲಿ ಆ ಪಟ್ಟಿ ಇದ್ದರೂ ಜೋತುಬಿದ್ದ ಕಬ್ಬಿನ ಗರಿ ಅದನ್ನು ಮುಚ್ಚಿರುತ್ತದೆ. ಟ್ರೇಲರಿನ ಹಿಂದಿನ ಎರಡೂ ಮೂಲೆಗೆ ಅಂಗೈ ಅಗಲದ ಕೆಂಪು ಪ್ರತಿಫಲಕವನ್ನು ಕಬ್ಬಿಗಿಂತ ಹೊರಗೆ, ಗಳುವಿನ ತುದಿಗೆ ಕಟ್ಟುವುದು ಹತ್ತು ನಿಮಿಷದ ಕೆಲಸ.

ಸುಗ್ಗಿಯಲ್ಲಿ ರಸ್ತೆಯ ಮೇಲೆ ರಾಗಿ, ಹುರುಳಿ ಒಕ್ಕಣೆ ಹಾಕುವುದನ್ನೂ ಇಲ್ಲೇ ಹೇಳಬೇಕು. ಒಣ ಸೊಪ್ಪೆಯ ಮೇಲೆ ಬೈಕಿನ ಚಕ್ರಕ್ಕೆ ಹಿಡಿತವಿಲ್ಲ. ಹುರುಳಿ ಬಳ್ಳಿ ಕಾರಿನ ಅಡಿಯಲ್ಲಿ ಸುತ್ತಿಕೊಂಡು ಬಿಸಿ ಸೈಲೆನ್ಸರಿಗೆ ತಾಗಿದರೆ ಬೆಂಕಿ. ಅದರ ಮೇಲೆ ಹೋಗಲೇಬೇಕಾದರೆ ಬ್ರೇಕ್ ಮುಟ್ಟದೆ, ನೇರಕ್ಕೆ, ನಿಧಾನಕ್ಕೆ ಹೋಗಿ. ದಾಟಿದ ಮೇಲೆ ನಿಲ್ಲಿಸಿ ಅಡಿಗೆ ಬಗ್ಗಿ ನೋಡಿ.

ಘಾಟಿಯಲ್ಲಿ ಬ್ರೇಕ್ ‘ಫೇಲ್’ ಆಗುವುದು ಹೆಚ್ಚಿನ ಸಲ ಬ್ರೇಕಿನ ದೋಷವಲ್ಲ. ಶಿರಾಡಿ, ಚಾರ್ಮಾಡಿಯಂಥ ಕಡೆ ಉದ್ದಕ್ಕೂ ಪೆಡಲ್ ಒತ್ತಿಕೊಂಡೇ ಇಳಿದರೆ ಲೈನಿಂಗ್ ಕಾದು ಹಿಡಿತ ಕಳೆದುಕೊಳ್ಳುತ್ತದೆ, ಬ್ರೇಕ್ ಎಣ್ಣೆ ಕುದಿದು ಪೆಡಲ್ ಮೆತ್ತಗಾಗುತ್ತದೆ. ಹತ್ತುವಾಗ ಯಾವ ಗೇರ್ ಬೇಕಾಯಿತೋ ಇಳಿಯುವಾಗಲೂ ಅದೇ ಗೇರ್. ಡೀಸೆಲ್ ಉಳಿಸಲು ನ್ಯೂಟ್ರಲ್ ಮಾಡುವುದು ಆತ್ಮಹತ್ಯೆಗೆ ಹತ್ತಿರದ ಉಳಿತಾಯ.

ದಂಡ ಯಾರಿಗೆ

2019ರ ಸೆಪ್ಟೆಂಬರ್ 1ರಿಂದ ಜಾರಿಯಾದ ಮೋಟಾರು ವಾಹನ ಕಾಯ್ದೆಯ ತಿದ್ದುಪಡಿ ದಂಡಗಳನ್ನು ಏರಿಸಿತು. ಹೆಲ್ಮೆಟ್ ಇಲ್ಲದಿದ್ದರೆ 1,000 ರೂಪಾಯಿ ಮತ್ತು ಮೂರು ತಿಂಗಳು ಲೈಸೆನ್ಸ್ ಅನರ್ಹತೆ. ಕುಡಿದು ಓಡಿಸಿದರೆ ಮೊದಲ ಸಲಕ್ಕೆ 10,000 ರೂಪಾಯಿ ದಂಡ, ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಮಿತಿ 100 ಮಿಲಿಲೀಟರ್ ರಕ್ತಕ್ಕೆ 30 ಮಿಲಿಗ್ರಾಂ. ಅಪ್ರಾಪ್ತರ ಕೈಗೆ ವಾಹನ ಕೊಟ್ಟು ಅಪರಾಧವಾದರೆ ಪೋಷಕರಿಗೆ ಮೂರು ವರ್ಷದವರೆಗೆ ಜೈಲು, 25,000 ದಂಡ. ಅದೇ ತಿಂಗಳಲ್ಲಿ ಕರ್ನಾಟಕ ಹೆಲ್ಮೆಟ್ ದಂಡವನ್ನು 500ಕ್ಕೆ ಇಳಿಸಿತು. ಮೊತ್ತಕ್ಕಿಂತ ದೊಡ್ಡ ಪ್ರಶ್ನೆ ಸಿಕ್ಕಿಬೀಳುವ ಖಾತರಿಯದು. ವರ್ಷಕ್ಕೊಮ್ಮೆ ಬೀಳುವ ಸಾವಿರಕ್ಕಿಂತ ದಿನಾ ಬೀಳುವ ನೂರಕ್ಕೆ ಜನ ಹೆಚ್ಚು ಹೆದರುತ್ತಾರೆ. ಕ್ಯಾಮೆರಾ ಕಂಬ ಕಂಡ ಕಡೆ ಮಾತ್ರ 80ಕ್ಕೆ ಇಳಿದು ದಾಟಿದ ಮೇಲೆ 120ಕ್ಕೆ ಏರುವ ಚಾಲಾಕಿತನಕ್ಕೆ ಮದ್ದೂ ಇದೆ: ಎರಡು ಕ್ಯಾಮೆರಾಗಳ ನಡುವಿನ ದೂರವನ್ನು ತಗುಲಿದ ಸಮಯದಿಂದ ಭಾಗಿಸಿ ಸರಾಸರಿ ವೇಗ ಹಿಡಿಯುವುದು.

ಆ ತಿದ್ದುಪಡಿಯಲ್ಲಿ ಯಾರೂ ಹೆಚ್ಚು ಮಾತಾಡದ 198-ಎ ಎಂಬ ಕಲಂ ಒಂದಿದೆ. ರಸ್ತೆಯ ವಿನ್ಯಾಸ, ನಿರ್ಮಾಣ, ನಿರ್ವಹಣೆಯಲ್ಲಿ ಮಾನದಂಡ ಪಾಲಿಸದೆ ಸಾವು ಅಥವಾ ಅಂಗವೈಕಲ್ಯ ಆದರೆ ಸಂಬಂಧಪಟ್ಟ ಪ್ರಾಧಿಕಾರ, ಗುತ್ತಿಗೆದಾರ, ಸಲಹೆಗಾರರಿಗೆ ಒಂದು ಲಕ್ಷ ರೂಪಾಯಿವರೆಗೆ ದಂಡ. ನೂರಾರು ಕೋಟಿಯ ಕಾಮಗಾರಿಗೆ ಒಂದು ಲಕ್ಷ! ಆದರೂ ರಸ್ತೆಯೂ ಆರೋಪಿಯಾಗಬಹುದು ಎಂದು ಕಾನೂನು ಒಪ್ಪಿದೆಯಲ್ಲ, ಅದನ್ನು ಬಳಸಬೇಕು.

ಆದ ಮೇಲಿನ ಒಂದು ಗಂಟೆ

ಅಪಘಾತ ಕಂಡಾಗ ಮೊದಲು ನಿಮ್ಮ ವಾಹನವನ್ನು ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಹಜಾರ್ಡ್ ಲೈಟ್ ಹಾಕಿ, ಕನಿಷ್ಠ 50 ಮೀಟರ್ ಹಿಂದೆ ತ್ರಿಕೋನವನ್ನೋ ಸೊಪ್ಪಿನ ಕೊಂಬೆಯನ್ನೋ ಇಡಿ. ಎಷ್ಟೋ ಜನ ಸಾಯುವುದು ಮೊದಲ ಅಪಘಾತ ನೋಡಲು ನಿಂತವರ ಮೇಲೆ ನುಗ್ಗುವ ಎರಡನೆಯ ವಾಹನದಿಂದ. 108 ಅಥವಾ 112ಕ್ಕೆ, ರಾಷ್ಟ್ರೀಯ ಹೆದ್ದಾರಿಯಲ್ಲಿದ್ದರೆ 1033ಕ್ಕೆ ಕರೆ ಮಾಡಿ, ಹತ್ತಿರದ ಕಿ.ಮೀ. ಕಲ್ಲಿನ ಸಂಖ್ಯೆ ಮತ್ತು ಯಾವ ಊರಿನ ಕಡೆಗೆ ಹೋಗುವ ಬದಿ ಎಂಬುದನ್ನು ಹೇಳಿ. ರಕ್ತ ಚಿಮ್ಮುತ್ತಿದ್ದರೆ ಶುದ್ಧ ಬಟ್ಟೆ ಮಡಿಸಿ ಗಾಯದ ಮೇಲಿಟ್ಟು ಅಂಗೈಯಿಂದ ಒತ್ತಿ ಹಿಡಿಯಿರಿ, ನಡುನಡುವೆ ತೆಗೆದು ನೋಡಬೇಡಿ. ನೀರು ಕುಡಿಸಬೇಡಿ. ಪ್ರಜ್ಞೆ ಮಸುಕಾದವರ ಶ್ವಾಸಕೋಶಕ್ಕೆ ನೀರು ಹೋಗುತ್ತದೆ, ಶಸ್ತ್ರಚಿಕಿತ್ಸೆಯ ಅರಿವಳಿಕೆಗೂ ಅದು ಅಡ್ಡಿ. ಉಸಿರಾಟಕ್ಕೆ ತೊಂದರೆ ಇಲ್ಲದಿದ್ದರೆ ಹೆಲ್ಮೆಟ್ ಎಳೆಯಬೇಡಿ. ಬೆಂಕಿಯಂಥ ಅಪಾಯವಿಲ್ಲದಿದ್ದರೆ ಕತ್ತು, ಬೆನ್ನು ಅಲುಗಿಸಬೇಡಿ. ಕೈಕಾಲು ಹಿಡಿದು ಎತ್ತಿ ಆಟೊದಲ್ಲಿ ಮಡಿಸಿ ಕೂರಿಸುವಾಗಲೇ ಮುರಿದ ಬೆನ್ನೆಲುಬು ನರಹುರಿಯನ್ನು ಕತ್ತರಿಸಬಹುದು.

ಸಾಕ್ಷಿ ಹೇಳಲು ಕೋರ್ಟಿಗೆ ಅಲೆಯಬೇಕಾಗುತ್ತದೆ ಎಂದು ಹಿಂಜರಿಯುವವರಿಗೆ: 2016ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟ್ ಮಾನ್ಯ ಮಾಡಿದ ಮಾರ್ಗಸೂಚಿ, ಆಮೇಲೆ ಮೋಟಾರು ವಾಹನ ಕಾಯ್ದೆಯ 134-ಎ ಕಲಂ, ಎರಡೂ ನೆರವಾದವರನ್ನು ರಕ್ಷಿಸುತ್ತವೆ. ಹೆಸರು, ವಿಳಾಸ ಹೇಳಲೇಬೇಕೆಂದು ಆಸ್ಪತ್ರೆಯಾಗಲಿ ಪೊಲೀಸರಾಗಲಿ ಒತ್ತಾಯಿಸುವಂತಿಲ್ಲ. ಹಣದ ಚಿಂತೆಗೆ: ಕೇಂದ್ರದ 2025ರ ನಗದುರಹಿತ ಚಿಕಿತ್ಸಾ ಯೋಜನೆಯಲ್ಲಿ ಅಪಘಾತದ ದಿನದಿಂದ ಏಳು ದಿನಗಳವರೆಗೆ ಒಬ್ಬರಿಗೆ ಒಂದೂವರೆ ಲಕ್ಷ ರೂಪಾಯಿವರೆಗೆ ಚಿಕಿತ್ಸೆ. ಕರ್ನಾಟಕ ಅದಕ್ಕೂ ಮೊದಲೇ, 2016ರಲ್ಲಿ, ಮುಖ್ಯಮಂತ್ರಿ ಸಾಂತ್ವನ ಹರೀಶ್ ಯೋಜನೆಯಡಿ ಮೊದಲ 48 ಗಂಟೆಗೆ 25,000 ರೂಪಾಯಿವರೆಗಿನ ಚಿಕಿತ್ಸೆ ಘೋಷಿಸಿತ್ತು. ಗುದ್ದಿ ಓಡಿಹೋದ ವಾಹನದ ಪತ್ತೆಯೇ ಆಗದಿದ್ದರೂ ಸಾವಿಗೆ ಎರಡು ಲಕ್ಷ, ತೀವ್ರ ಗಾಯಕ್ಕೆ 50,000 ರೂಪಾಯಿ ಪರಿಹಾರವಿದೆ. ಇದನ್ನು ಕೇಳುವವರೇ ಕಡಿಮೆ.

ಊರ ಹತ್ತಿರದ ಒಂದು ಜಾಗದಲ್ಲಿ ಪದೇ ಪದೇ ಅಪಘಾತವಾಗುತ್ತಿದ್ದರೆ ಏನು ಮಾಡಬಹುದು? ಸರ್ಕಾರದ ಭಾಷೆಯಲ್ಲಿ ‘ಬ್ಲ್ಯಾಕ್ ಸ್ಪಾಟ್’ ಅನ್ನಿಸಿಕೊಳ್ಳಲು ರಾಷ್ಟ್ರೀಯ ಹೆದ್ದಾರಿಯ ಸುಮಾರು 500 ಮೀಟರ್ ಭಾಗದಲ್ಲಿ ಮೂರು ವರ್ಷಗಳಲ್ಲಿ ಸಾವು ಅಥವಾ ತೀವ್ರ ಗಾಯದ ಐದು ಅಪಘಾತಗಳಾಗಿರಬೇಕು, ಇಲ್ಲವೇ ಹತ್ತು ಸಾವು. ಅಂದರೆ ಪಟ್ಟಿಗೆ ಸೇರುವ ಅರ್ಹತೆಯನ್ನು ಹೆಣಗಳೇ ಗಳಿಸಿಕೊಡಬೇಕು. ಆದರೆ ಅರ್ಜಿ ಹಾಕಲು ಅಷ್ಟು ಕಾಯಬೇಕಿಲ್ಲ. ಪ್ರತಿ ಜಿಲ್ಲೆಯಲ್ಲೂ ಜಿಲ್ಲಾಧಿಕಾರಿ ಅಧ್ಯಕ್ಷತೆಯ ರಸ್ತೆ ಸುರಕ್ಷತಾ ಸಮಿತಿ ಇದೆ. ‘ಸೂಕ್ತ ಕ್ರಮ ಕೈಗೊಳ್ಳಿ’ ಎಂದು ಬರೆದ ಮನವಿಗೆ ಸೂಕ್ತ ಉತ್ತರವೇ ಬರುತ್ತದೆ. ಅದರ ಬದಲು ರಸ್ತೆಯ ಸಂಖ್ಯೆ, ಕಿ.ಮೀ. ಕಲ್ಲಿನಿಂದ ಮೀಟರ್ ಲೆಕ್ಕದ ಜಾಗ, ಮೂರು ವರ್ಷದ ಅಪಘಾತಗಳ ದಿನಾಂಕ ಮತ್ತು ಎಫ್‌ಐಆರ್ ಸಂಖ್ಯೆ, ಹಗಲು ಒಂದು ರಾತ್ರಿ ಒಂದು ಫೋಟೊ (ಚಾಲಕನ ಕಣ್ಣಿನ ಎತ್ತರದಿಂದ, ಬರುವ ದಿಕ್ಕಿನಿಂದ), ಮತ್ತು ಒಂದೇ ಒಂದು ನಿರ್ದಿಷ್ಟ ಬೇಡಿಕೆ ಬರೆಯಿರಿ: ಈ ತೆರವಿನ ಎಡಕ್ಕಿರುವ ಪೊದೆ 30 ಮೀಟರ್ ಉದ್ದಕ್ಕೆ ತೆಗೆಯಿರಿ, ಅಥವಾ ಈ ಸೇತುವೆಯ ಗೋಡೆತುದಿಗೆ ಪ್ರತಿಫಲಕವನ್ನೂ ತಡೆಬೇಲಿಯನ್ನೂ ಹಾಕಿ. ಒಂದು ಪ್ರತಿ ಆ ವ್ಯಾಪ್ತಿಯ ಠಾಣೆಗೆ, ಒಂದು ರಸ್ತೆಯ ಮಾಲೀಕ ಇಲಾಖೆಗೆ. ಸ್ವೀಕೃತಿ ಮುದ್ರೆ ಹಾಕಿಸಿಕೊಳ್ಳಿ. ಮುಂದೆ ಅದೇ ಜಾಗದಲ್ಲಿ ಯಾರಾದರೂ ಸತ್ತರೆ, ದೋಷ ಮೊದಲೇ ಗೊತ್ತಿತ್ತು ಎಂಬುದಕ್ಕೆ 198-ಎ ಅಡಿ ಆ ಮುದ್ರೆಯೇ ಮೊದಲ ದಾಖಲೆ.